ಹಗಲು ಬೇಗೂರು ಕೆರೆ, ರಾತ್ರಿ ಬನ್ನೇರುಘಟ್ಟದ ಟೆಂಟು

ಕೆರೆ ದಂಡೆಯಲ್ಲಿ ಟೆಂಟು ಹಾಕಿ ಮಲಗೋಣ ಎಂದು ಮಕ್ಕಳು ರಜೆಯಲ್ಲಿ ಹಟ ಹಿಡಿಯುವುದುಂಟು. ಬೆಂಗಳೂರಿನ ಕೆರೆ ಉದ್ಯಾನಗಳಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ. ಅದಕ್ಕೆ ಹಗಲು ಬೇಗೂರಿನಲ್ಲಿದ್ದು, ಸಂಜೆಗೆ ಬನ್ನೇರುಘಟ್ಟ ಸೇರುವುದು ಒಳ್ಳೆಯ ದಾರಿ.

ಟೆಂಟಿನ ಏರ್ಪಾಡು ಮೊದಲು ಮುಗಿಸಿ. ಬನ್ನೇರುಘಟ್ಟದಲ್ಲಿ ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ನೇಚರ್ ಕ್ಯಾಂಪ್ ಇದೆ. ವಾರಾಂತ್ಯವಾದರೆ ಮುಂಗಡ ಬುಕ್ಕಿಂಗ್ ಬೇಕೇ ಬೇಕು.

ಬೇಗೂರಿನಲ್ಲಿ ನೇರ ಕೆರೆಗೆ ಹೋಗಬೇಡಿ, ನಾಗೇಶ್ವರ ದೇವಸ್ಥಾನದಿಂದ ಶುರು ಮಾಡಿ. ಗಂಗರ ಕಾಲದ ಈ ದೇವಸ್ಥಾನದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ 'ಬೆಂಗಳೂರು ಕಾಳಗ'ದ ಪ್ರಸ್ತಾಪವಿದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರುನೂರು ವರ್ಷಕ್ಕೂ ಹಿಂದೆಯೇ ಈ ಊರಿನ ಹೆಸರು ಕಲ್ಲಿನ ಮೇಲಿತ್ತು! ಬೆಂಗಳೂರಿನ ಪ್ರತಿ ಮಗುವೂ ಒಮ್ಮೆ ಇದರ ಮುಂದೆ ನಿಲ್ಲಬೇಕು. ಶಾಸನ ನೋಡಲು ಬೆಳಗಿನ ಓರೆ ಬಿಸಿಲು ಒಳ್ಳೆಯದು, ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಓದಲು ಸುಲಭವಾಗಲಿ ಎಂದು ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ವೀರಗಲ್ಲು ಕಂಡರೆ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಬೇಗೂರಿನದೇ ದೊಡ್ಡ ವೀರಗಲ್ಲೊಂದು ಕಸ್ತೂರಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯ ಸೇರಿದೆ. ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಆಮೇಲೆ ಕೆರೆ. ವಾಕಿಂಗ್ ಪಥದಲ್ಲಿ ಸುಮ್ಮನೆ ಸುತ್ತಿ ಬಂದರೆ ಸಾಲದು. ನೀರು ತಡೆದು ನಿಲ್ಲಿಸಿರುವ ಏರಿ ಯಾವ ಕಡೆಯದು, ತುಂಬಿದಾಗ ಹೆಚ್ಚುವರಿ ನೀರು ಹೊರಹೋಗುವ ಕೋಡಿ ಎಲ್ಲಿದೆ ಎಂದು ಮಕ್ಕಳೇ ಹುಡುಕಲಿ. ನಮ್ಮ ಕಡೆಯ ಕೆರೆಗಳಲ್ಲಿ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರಗಂಟಿ ಇರುತ್ತಿದ್ದ. ಒಂದರ ಕೋಡಿ ನೀರು ಮುಂದಿನ ಕೆರೆಗೆ ಹರಿಯುತ್ತಿತ್ತು. ಹೀಗೆ ನೀರು ಒಯ್ಯುವ ರಾಜಕಾಲುವೆ ಮುಚ್ಚಿದರೆ ಮಳೆಗಾಲದಲ್ಲಿ ಬಡಾವಣೆಗೆ ನೀರು ನುಗ್ಗುವುದು ಏಕೆಂದು ಇಲ್ಲಿ ನಿಂತು ವಿವರಿಸಿದರೆ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಬೈನಾಕ್ಯುಲರ್ ಇದ್ದರೆ ನೀರುಕಾಗೆ, ನಾಮದಕೋಳಿಗಳನ್ನೂ ಹುಡುಕಬಹುದು.

ಮನೆಯಿಂದ ಬಿಸಿಲೇರುವ ಮೊದಲೇ ಹೊರಡಿ. ಬುತ್ತಿಗೆ ಚಿತ್ರಾನ್ನವೋ ಪುಳಿಯೋಗರೆಯೋ ಸಾಕು, ಕಸ ನಿಮ್ಮ ಚೀಲದಲ್ಲೇ ವಾಪಸ್ ಬರಲಿ.

ಕ್ಯಾಂಪ್ ಕಾಡಿನ ಪಕ್ಕದಲ್ಲೇ ಇರುವುದರಿಂದ ಸ್ಪೀಕರ್ ಬೇಡ. ಟಾರ್ಚ್, ಸೊಳ್ಳೆ ಮುಲಾಮು, ತೆಳು ಸ್ವೆಟರ್ ಇರಲಿ. ಕೋತಿಗಳ ಕಾಟವಿರುತ್ತದೆ, ತಿಂಡಿಯನ್ನು ಟೆಂಟಿನಲ್ಲಿ ತೆರೆದಿಡಬೇಡಿ. ಕತ್ತಲಾದ ಮೇಲೆ ಸಿಬ್ಬಂದಿಗೆ ಹೇಳದೆ ಆವರಣ ದಾಟಬೇಡಿ.