ಟಿಮೋರ್-ಲೆಸ್ತೆಯ ಅಧ್ಯಕ್ಷರಾಗುವುದು ಹೇಗೆ?

ಇಂಡೊನೇಷ್ಯಾದ ನೆರೆಯ ಪುಟ್ಟ ದೇಶ ಟಿಮೋರ್-ಲೆಸ್ತೆಯಲ್ಲಿ ಸರ್ಕಾರ ನಡೆಸುವುದು ಪ್ರಧಾನಿ. ಆದರೆ ಅಧ್ಯಕ್ಷರನ್ನು ನಮ್ಮ ರಾಷ್ಟ್ರಪತಿಯವರಂತೆ ಸಂಸದರು, ಶಾಸಕರು ಆರಿಸುವುದಿಲ್ಲ. ಜನರೇ ನೇರವಾಗಿ ಮತ ಹಾಕಿ ಆರಿಸುತ್ತಾರೆ. ಆ ಹುದ್ದೆಗೆ ಏರುವ ದಾರಿ ಯಾವುದು, ಏರಿದ ಮೇಲೆ ಮಾಡುವುದೇನು? ಹಂತಹಂತವಾಗಿ ನೋಡೋಣ.

ಹಂತ 1: ಹುದ್ದೆಯ ಹಿನ್ನೆಲೆ ತಿಳಿಯಿರಿ

ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 2002ರ ಮೇ 20ರಂದು. ಅಧ್ಯಕ್ಷ ಪದವಿ ಅದಕ್ಕಿಂತ ಹಳೆಯದು. ಪೋರ್ಚುಗೀಸರ ಆಳ್ವಿಕೆ ಕುಸಿಯುತ್ತಿದ್ದಾಗ, 1975ರ ನವೆಂಬರ್ 28ರಂದು ಫ್ರೆಟಿಲಿನ್ ಪಕ್ಷ ಸ್ವಾತಂತ್ರ್ಯ ಘೋಷಿಸಿತು. ಫ್ರಾನ್ಸಿಸ್ಕೊ ಷೇವಿಯರ್ ದು ಅಮರಾಲ್ ಮೊದಲ ಅಧ್ಯಕ್ಷರಾದರು. ಒಂಬತ್ತೇ ದಿನಕ್ಕೆ ಇಂಡೊನೇಷ್ಯಾದ ಸೇನೆ ನುಗ್ಗಿತು. ಅವರ ನಂತರ ಬಂದ ನಿಕೊಲಾವ್ ಲೊಬಾತೊ ಕಾಡಿನಿಂದಲೇ ಹೋರಾಡಿ 1978ರ ಡಿಸೆಂಬರ್ 31ರಂದು ಹತರಾದರು. ರಾಜಧಾನಿ ದಿಲಿಯಲ್ಲಿರುವ ಅಧ್ಯಕ್ಷರ ಭವನಕ್ಕೆ ಇಂದು ಅವರದೇ ಹೆಸರು.

1999ರ ಆಗಸ್ಟ್ 30ರ ಜನಮತಗಣನೆಯಲ್ಲಿ ಶೇ 78.5ರಷ್ಟು ಮಂದಿ ಸ್ವಾತಂತ್ರ್ಯದ ಕಡೆ ನಿಂತರು. ವಿಶ್ವಸಂಸ್ಥೆಯ ಮಧ್ಯಂತರ ಆಡಳಿತದಡಿ 2002ರ ಏಪ್ರಿಲ್‌ನಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಗೆರಿಲ್ಲಾ ನಾಯಕ ಶನಾನ ಗುಸ್ಮಾವ್ ಶೇ 82ಕ್ಕೂ ಹೆಚ್ಚು ಮತ ಪಡೆದರು. ಎದುರಾಳಿ, 1975ರ ಅದೇ ಅಮರಾಲ್. ಗೆಲುವಿನ ಆಸೆಯಿಂದಲ್ಲ, ಜನರಿಗೆ ಆಯ್ಕೆ ಎಂಬುದೊಂದು ಇರಲಿ ಎಂದು ಅವರು ಕಣಕ್ಕಿಳಿದಿದ್ದರು. ಹೊಸ ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ!

ಹಂತ 2: ಅರ್ಹತೆ ನೋಡಿಕೊಳ್ಳಿ

ಮೂಲ ಪೌರತ್ವ ಇರಬೇಕು, ಕನಿಷ್ಠ 35 ವರ್ಷ ಆಗಿರಬೇಕು, 5,000 ಮತದಾರರು ಹೆಸರು ಸೂಚಿಸಬೇಕು.

ಹಂತ 3: ಅರ್ಧಕ್ಕಿಂತ ಹೆಚ್ಚು ಮತ ಗಳಿಸಿ

ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರದಿದ್ದರೆ, ಮೊದಲಿಬ್ಬರ ನಡುವೆ ಸುಮಾರು ಒಂದು ತಿಂಗಳ ಬಳಿಕ ಎರಡನೇ ಸುತ್ತು. ಇಲ್ಲಿ ಲೆಕ್ಕಾಚಾರ ತಲೆಕೆಳಗಾಗುವುದುಂಟು. 2007ರಲ್ಲಿ ಫ್ರಾನ್ಸಿಸ್ಕೊ ಗುಟೆರೆಸ್ ಲು-ಒಲೊ ಮೊದಲ ಸುತ್ತಿನಲ್ಲಿ ಮುಂದಿದ್ದರೂ, ಎರಡನೆಯದರಲ್ಲಿ ನೊಬೆಲ್ ಶಾಂತಿ ಪುರಸ್ಕೃತ ಜೋಸೆ ರಾಮೋಸ್-ಹೊರ್ತಾ ಶೇ 69 ಮತಗಳೊಂದಿಗೆ ಗೆದ್ದರು. 2012ರಲ್ಲಿ ಹಾಲಿ ಅಧ್ಯಕ್ಷ ರಾಮೋಸ್-ಹೊರ್ತಾ ಅವರೇ ಮೊದಲ ಸುತ್ತಿನಲ್ಲಿ ಮೂರನೇ ಸ್ಥಾನಕ್ಕಿಳಿದು ಹೊರಬಿದ್ದರು. ಮಾಜಿ ಸೇನಾ ಮುಖ್ಯಸ್ಥ ತೌರ್ ಮಾತನ್ ರುವಾಕ್ ಅಧ್ಯಕ್ಷರಾದರು. ಲು-ಒಲೊ 2017ರಲ್ಲಿ ಮೊದಲ ಸುತ್ತಿನಲ್ಲೇ ಗೆದ್ದರು. 2022ರಲ್ಲಿ ರಾಮೋಸ್-ಹೊರ್ತಾ ಮತ್ತೆ ಬಂದರು.

ಹಂತ 4: ಮೇ 20ರಂದು ಪ್ರಮಾಣವಚನ ಸ್ವೀಕರಿಸಿ

ಅವಧಿ ಐದು ವರ್ಷ. ಬೇರೆ ಹುದ್ದೆ ಹೊಂದುವಂತಿಲ್ಲ. ವಿದೇಶಕ್ಕೆ ಹೋಗಬೇಕಾದರೂ ಸಾಮಾನ್ಯವಾಗಿ ಸಂಸತ್ತಿನ ಒಪ್ಪಿಗೆ ಬೇಕು.

ಹಂತ 5: ಅಧಿಕಾರ ಬಳಸಿ

ಸೇನೆಯ ಮಹಾದಂಡನಾಯಕತ್ವ ಅಧ್ಯಕ್ಷರದು. ಮಸೂದೆಗೆ ಸಹಿ ಹಾಕದೆ ವಾಪಸು ಕಳಿಸಬಹುದು. 65 ಸದಸ್ಯರ ಸಂಸತ್ತಿನಲ್ಲಿ 33 ಮಂದಿ ಮತ್ತೆ ಒಪ್ಪಿದರೆ ಸಾಮಾನ್ಯವಾಗಿ ಅದು ಕಾನೂನಾಗುತ್ತದೆ. ಕೆಲವು ಮುಖ್ಯ ವಿಷಯಗಳಿಗೆ ಮೂರನೇ ಎರಡರಷ್ಟು ಮತ ಬೇಕು.

ಅಧ್ಯಕ್ಷರ ನಿಜವಾದ ತೂಕ ಗೊತ್ತಾಗುವುದು ಯಾವ ಪಕ್ಷಕ್ಕೂ ಬಹುಮತ ಸಿಗದಾಗ. 2007ರ ಸಂಸತ್ ಚುನಾವಣೆಯಲ್ಲಿ ಫ್ರೆಟಿಲಿನ್‌ಗೆ 21, ಗುಸ್ಮಾವ್ ಅವರ ಪಕ್ಷಕ್ಕೆ 18 ಸ್ಥಾನ. ರಾಮೋಸ್-ಹೊರ್ತಾ ಸರ್ಕಾರ ರಚಿಸಲು ಕರೆದದ್ದು ದೊಡ್ಡ ಪಕ್ಷವನ್ನಲ್ಲ, ಮೈತ್ರಿಕೂಟ ಕಟ್ಟಿದ್ದ ಗುಸ್ಮಾವ್ ಅವರನ್ನು. 2017ರಲ್ಲಿ ಲು-ಒಲೊ ಅಲ್ಪಮತದ ಸರ್ಕಾರಕ್ಕೆ ಅವಕಾಶ ಕೊಟ್ಟರು; ಅದರ ಕಾರ್ಯಕ್ರಮವನ್ನು ಸಂಸತ್ತು ತಿರಸ್ಕರಿಸಿತು. 2018ರ ಜನವರಿಯಲ್ಲಿ ಸಂಸತ್ತು ವಿಸರ್ಜನೆಯಾಗಿ ಮೇ ತಿಂಗಳಲ್ಲಿ ಮರುಚುನಾವಣೆ ನಡೆಯಿತು. ಹೊಸ ಸರ್ಕಾರ ಬಂದಾಗಲೂ ಸಚಿವರಾಗಬೇಕಿದ್ದ ಹಲವರಿಗೆ ಲು-ಒಲೊ ಪ್ರಮಾಣವಚನ ಬೋಧಿಸಲಿಲ್ಲ. ಪ್ರಧಾನಿ ಕೊಟ್ಟ ಪಟ್ಟಿಯನ್ನು ಅಧ್ಯಕ್ಷರು ಎಷ್ಟರ ಮಟ್ಟಿಗೆ ತಡೆಯಬಹುದು ಎಂಬ ಚರ್ಚೆ ಆಗ ಜೋರಾಯಿತು. ನನ್ನ ಮಟ್ಟಿಗೆ, ಜನರಿಂದ ನೇರವಾಗಿ ಆರಿಸಿ ಬಂದವರು ಬರೀ ಸಹಿ ಹಾಕಿ ಕೂರಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಹಾಗೆಂದು ಸಂಪುಟವನ್ನು ವರ್ಷಗಟ್ಟಲೆ ಅರೆಬರೆ ಇಡುವುದೂ ಸರಿಯಲ್ಲ.

ಹಂತ 6: ಕುರ್ಚಿ ಖಾಲಿ ಬಿಡಬೇಡಿ

ಅಧ್ಯಕ್ಷರು ಕೆಲಸ ಮಾಡಲಾಗದಿದ್ದರೆ ಸಂಸತ್ತಿನ ಸ್ಪೀಕರ್ ಹೊಣೆ ಹೊರುತ್ತಾರೆ. 2008ರ ಫೆಬ್ರುವರಿ 11ರಂದು ರಾಮೋಸ್-ಹೊರ್ತಾ ಅವರಿಗೆ ಗುಂಡೇಟು ಬಿದ್ದು, ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಚಿಕಿತ್ಸೆ ನಡೆಯಿತು. ಸ್ಪೀಕರ್ ಫೆರ್ನಾಂದೊ ಲಾಸಮ ದೆ ಅರಾವ್‌ಜೊ ಹಂಗಾಮಿ ಅಧ್ಯಕ್ಷರಾಗಿ ದೇಶ ನೋಡಿಕೊಂಡರು. ಏಪ್ರಿಲ್‌ನಲ್ಲಿ ರಾಮೋಸ್-ಹೊರ್ತಾ ದಿಲಿಗೆ ಮರಳಿ ಹುದ್ದೆಯನ್ನು ಮತ್ತೆ ವಹಿಸಿಕೊಂಡರು.