ಅಲೆಯ ಮೇಲಿನ ಕಾಫಿ

ಮಲ್ಪೆಯಿಂದ ಹೊರಟ ದೋಣಿಯಲ್ಲಿ ಆರು ಜನರಿಗೆ ಕಾಫಿ ಕಾಸುವವನು ನಾನು. ಮೊದಲ ವರ್ಷ ಹೆಂಡತಿ ಕೊಟ್ಟ ಸ್ಟೀಲ್ ಫಿಲ್ಟರ್ ಒಯ್ದಿದ್ದೆ. ದೋಣಿ ಒಮ್ಮೆ ವಾಲಿದ್ದೇ ತಡ, ಡಿಕಾಕ್ಷನ್ ಎಲ್ಲ ನನ್ನ ಲುಂಗಿಗೆ. ಈಗ ಬಟ್ಟೆಯಲ್ಲೇ ಸೋಸುವುದು.

ಪಾತ್ರೆ ಆಳವಾಗಿರಲಿ, ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಒಲೆಯ ಸುತ್ತ ಕಬ್ಬಿಣದ ಸರಳಿನ ಅಡ್ಡಗಟ್ಟು ಬೇಕೇ ಬೇಕು. ಅರ್ಧ ಲೀಟರ್ ನೀರು ಕುದಿಸಿ ಇಳಿಸಿ, ಗುಳ್ಳೆ ಅಡಗಿದ ಮೇಲೆ ಐದು ದೊಡ್ಡ ಚಮಚ ಪುಡಿ ಹಾಕಿ ಮುಚ್ಚಿಡಿ. ನಾಲ್ಕೈದು ನಿಮಿಷ ಸಾಕು. ಪುಡಿ ಹಾಕಿದ ಮೇಲೆ ಕುದಿಸಿದರೆ ಕಹಿ, ಆಮೇಲೆ ಎಷ್ಟು ಸಕ್ಕರೆ ಸುರಿದರೂ ಅಷ್ಟೇ. ದಪ್ಪ ಹತ್ತಿಬಟ್ಟೆಯಲ್ಲಿ ಸೋಸಿ. ಆ ಬಟ್ಟೆಗೆ ಸೋಪು ಮುಟ್ಟಿಸಬೇಡಿ.

ಚಿಕೋರಿ ಬೆರೆತ ಪುಡಿ ಉಪ್ಪುಗಾಳಿಗೆ ಬೇಗ ತೇವ ಹೀರಿ ಗಂಟು ಕಟ್ಟುತ್ತದೆ. ಹಾಗಾಗಿ ಒಂದೊಂದು ಸಲಕ್ಕೆ ಬೇಕಾದಷ್ಟನ್ನು ಮನೆಯಲ್ಲೇ ಪೊಟ್ಟಣ ಕಟ್ಟಿ ಡಬ್ಬಿಯಲ್ಲಿಡುತ್ತೇನೆ. ಪ್ಯಾಕೆಟ್ ಹಾಲು ಮೊದಲ ದಿನಕ್ಕೆ ಮಾತ್ರ. ಮೀನಿನ ಐಸಿನಲ್ಲಿ ಇಡಬಹುದು ಅನ್ನುತ್ತಾರೆ, ಆ ವಾಸನೆಯ ಕಾಫಿ ನೀವೇ ಕುಡಿಯಿರಿ! ಹಾಲಿನ ಪುಡಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ನಂತರ ಬಿಸಿ ಮಾಡಿ.

ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲೇ ನಿಲ್ಲುತ್ತದೆ. ಕೆಲಸವಾದ ಕೂಡಲೇ ಸಿಲಿಂಡರಿನ ವಾಲ್ವ್ ಮುಚ್ಚಿ.

ಲೋಟಕ್ಕೆ ಅರ್ಧವೇ ಸುರಿಯಿರಿ. ಮೊದಲ ಲೋಟ ದೋಣಿ ನಡೆಸುವ ತಾಂಡೇಲರಿಗೆ, ಅವರ ಕೈ ಚುಕ್ಕಾಣಿ ಬಿಡುವಂತಿಲ್ಲ.