ದಾಂಪತ್ಯದ ಕಿರುಚಿತ್ರ: ಕೇಳಿಸಿಕೊಳ್ಳುವ ಮುಖಕ್ಕೂ ಕ್ಯಾಮೆರಾ ಇಡಿ

ನಾನು ಎಡಿಟರ್. ಗಂಡ ಹೆಂಡತಿಯ ಮುನಿಸಿನ ಕಿರುಚಿತ್ರಗಳ ಫುಟೇಜ್ ಕೈಗೆ ಬಂದಾಗ ಮೊದಲು ಹುಡುಕುವುದು ಮಾತು ಕೇಳಿಸಿಕೊಳ್ಳುತ್ತಿರುವವರ ಮುಖವನ್ನು. ಬಹಳ ಸಲ ಅದನ್ನು ಶೂಟ್ ಮಾಡಿರುವುದೇ ಇಲ್ಲ. ಕೂಗಾಡುವವರ ಕ್ಲೋಸಪ್ ಬೇಕಾದಷ್ಟಿರುತ್ತದೆ. ಆ ಮಾತು ಯಾರಿಗೆ ತಾಗಿತೋ ಅವರದು ಒಂದೂ ಇರುವುದಿಲ್ಲ.

ಇದಕ್ಕೆ ತಯಾರಿ ಬರೆಯುವಾಗಲೇ ಆಗಬೇಕು. ಚಿತ್ರಕಥೆಯ ಒಂದು ಪುಟವೆಂದರೆ ತೆರೆಯ ಮೇಲೆ ಸುಮಾರು 1 ನಿಮಿಷ. 10 ಪುಟದಲ್ಲಿ ಮದುವೆಯಿಂದ ವಿಚ್ಛೇದನದವರೆಗೆ ಹೇಳಲು ಹೋಗಬೇಡಿ. ಒಂದು ಮನೆ, ಒಂದು ಬೆಳಗ್ಗೆ, ಹಿಂದಿನ ರಾತ್ರಿ ಆಗಿಹೋದ ಜಗಳ, ಇಷ್ಟು ಸಾಕು. ಜಗಳ ಯಾತಕ್ಕೆಂದು ಅವರು ಬಾಯಿಬಿಟ್ಟು ಹೇಳಬಾರದು. ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಯಾಕೆ ವಿವರಿಸುತ್ತಾರೆ? ಅವರ ಕೈಗೆ ಕೆಲಸ ಕೊಡಿ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಾಳೆ. ತನ್ನದು, ಮಗುವಿನದು ಮಡಚಿಟ್ಟು, ಅವನ ಅಂಗಿಗಳನ್ನು ಹಾಗೇ ಕುರ್ಚಿಯ ಮೇಲೆ ಬಿಡುತ್ತಾಳೆ. ಅವನು ನೋಡುತ್ತಾನೆ. ಕೇಳುವುದು ಮಾತ್ರ, "ಕರೆಂಟ್ ಬಿಲ್ ಕಟ್ಟಿದ್ಯಾ?"

ಅವನ ಕಡೆಯ ನ್ಯಾಯ ಒಂದು ಪುಟ, ಅವಳ ಕಡೆಯದು ಒಂದು ಪುಟ ಬರೆದು, ನಟರಿಗೆ ಅವರವರ ಪುಟವನ್ನಷ್ಟೇ ಕೊಡಿ. ಆಗ ಇಬ್ಬರೂ ತಾವೇ ಸರಿಯೆಂದು ನಂಬಿ ನಟಿಸುತ್ತಾರೆ. ಹೊಡೆತ ಬಡಿತದ ಕಥೆಗೆ ಮಾತ್ರ ಈ ಸಮತೂಕ ಬೇಡ, ಅಲ್ಲಿ ತಪ್ಪು ಯಾರದೆಂಬುದು ಮಸುಕಾಗಬಾರದು.

ಶೂಟಿಂಗ್‌ನಲ್ಲಿ ಮೊದಲು ಇಡೀ ದೃಶ್ಯದ ಮಾಸ್ಟರ್ ಶಾಟ್ ತೆಗೆಯಿರಿ, ಅಂದರೆ ಇಬ್ಬರೂ ಫ್ರೇಮಿನಲ್ಲಿ ಕಾಣುವ ಹಾಗೆ ಶುರುವಿನಿಂದ ಕೊನೆತನಕದ ಶಾಟ್. ಆಮೇಲೆ ಅದನ್ನೇ ಮೊದಲಿಂದ ಕೊನೆತನಕ ಕ್ಯಾಮೆರಾ ಅವಳ ಮೇಲಿಟ್ಟು, ಮತ್ತೆ ಅವನ ಮೇಲಿಟ್ಟು ತೆಗೆಯಿರಿ. ಕೊನೆಯ ಮಾತು ಮುಗಿದ ತಕ್ಷಣ ಕಟ್ ಹೇಳಬೇಡಿ, ದಯವಿಟ್ಟು. ಇನ್ನೂ ಹತ್ತು ಸೆಕೆಂಡ್ ಓಡಲಿ. ನಮಗೆ ಬೇಕಾದ ನೋಟ ಎಷ್ಟೋ ಸಲ ಅಲ್ಲೇ ಸಿಗುತ್ತದೆ. 180 ಡಿಗ್ರಿ ನಿಯಮ ನೆನಪಿರಲಿ: ಇಬ್ಬರ ನಡುವಿನ ಗೆರೆಯನ್ನು ಕ್ಯಾಮೆರಾ ದಾಟಿದರೆ ಎದುರುಬದುರು ಕೂತವರು ಒಂದೇ ದಿಕ್ಕಿಗೆ ನೋಡುವಂತೆ ಕಾಣುತ್ತಾರೆ.

ಫ್ಯಾನ್, ಫ್ರಿಜ್ ಆಫ್ ಮಾಡಿಸಿ. ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ, ಆ ಕೋಣೆಯ ಖಾಲಿ ಸದ್ದನ್ನು ಕನಿಷ್ಠ 30 ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಿ. ಈ ರೂಮ್ ಟೋನ್ ಇಲ್ಲದೆ ಮೌನವನ್ನು ಉದ್ದ ಮಾಡಿದರೆ ಸೌಂಡ್ ಕೈಕೊಟ್ಟಂತೆ ಕೇಳಿಸುತ್ತದೆ.

ಎಡಿಟಿಂಗ್‌ನಲ್ಲಿ ಎಲ್ ಕಟ್ ಬಳಸಿ, ಅಂದರೆ ಅವನ ಮಾತು ನಡೆಯುತ್ತಿರುವಾಗಲೇ ಚಿತ್ರ ಅವಳಿಗೆ ಹೋಗಲಿ. ಬಿಲ್ಲಿನ ಪ್ರಶ್ನೆಗೆ ಅವಳು ಉತ್ತರ ಕೊಡುವ ಮೊದಲೇ ದೃಶ್ಯ ಮುಗಿಸಬೇಕೋ, ಕೊಟ್ಟ ಮೇಲೋ? ಎರಡೂ ರೀತಿ ಕಟ್ ಮಾಡಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ.